ಎಫ್‌ಎ ಕಪ್: 700ಕ್ಕೂ ಜಾಸ್ತಿ ತಂಡ, ಒಂದೇ ಕಪ್, ಸೋತರೆ ಮನೆಗೆ

2021ರ ಜನವರಿ 10. ಲಿವರ್‌ಪೂಲ್ ಪಕ್ಕದ ಕ್ರಾಸ್ಬಿ ಎಂಬ ಊರಿನ ಒಂದು ಸಣ್ಣ ಮೈದಾನ. ಒಂದು ಬದಿಗೆ ಸಾಲು ಮನೆಗಳು, ಆ ಮನೆಗಳ ಹಿತ್ತಲಿಗೂ ಮೈದಾನಕ್ಕೂ ನಡುವೆ ಒಂದು ಬೇಲಿ ಅಷ್ಟೇ. ಕೋವಿಡ್ ಕಾಲವಾದ್ದರಿಂದ ಪ್ರೇಕ್ಷಕರಿಗೆ ಒಳಗೆ ಪ್ರವೇಶ ಇರಲಿಲ್ಲ. ಹಾಗಾಗಿ ಅಕ್ಕಪಕ್ಕದ ಮನೆಯವರು ತಮ್ಮ ಹಿತ್ತಲಲ್ಲೇ ನಿಂತು ಬೇಲಿಯ ಮೇಲಿಂದ ಇಣುಕಿ ಆಟ ನೋಡುತ್ತಿದ್ದರು. ಆಡಲು ಬಂದಿದ್ದ ತಂಡ ಯಾವುದು ಗೊತ್ತಾ? ಟಾಟೆನ್‌ಹ್ಯಾಮ್ ಹಾಟ್‌ಸ್ಪರ್. ಒಂದೂವರೆ ವರ್ಷದ ಹಿಂದಷ್ಟೇ ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ್ದ ತಂಡ. ಕೋಚ್ ಜೋಸೆ ಮೌರಿನೊ. ಎದುರಿಗೆ ಇದ್ದದ್ದು ಮರೀನ್ ಎಂಬ ಕ್ಲಬ್, ಇಂಗ್ಲೆಂಡಿನ ಫುಟ್‌ಬಾಲ್ ಏಣಿಯಲ್ಲಿ ಮೇಲಿನಿಂದ ಎಂಟನೇ ಮೆಟ್ಟಿಲಿನದು. ಅದರ ಆಟಗಾರರು ಬೇರೆ ಕೆಲಸ ಮಾಡಿಕೊಂಡು, ಉಳಿದ ಸಮಯದಲ್ಲಿ ಫುಟ್‌ಬಾಲ್ ಆಡುವವರು.

ಎರಡು ತಂಡಗಳ ನಡುವೆ 161 ಸ್ಥಾನಗಳ ಅಂತರ. ಆದರೂ ಇದು ಪ್ರದರ್ಶನ ಪಂದ್ಯ ಅಲ್ಲ, ಸಹಾಯಾರ್ಥ ಪಂದ್ಯವೂ ಅಲ್ಲ. ಗೆದ್ದವರು ಮುಂದಿನ ಸುತ್ತಿಗೆ ಹೋಗುವ, ಸೋತವರು ಮನೆಗೆ ಹೋಗುವ ಅಧಿಕೃತ ಪಂದ್ಯ, ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಎಫ್‌ಎ ಕಪ್‌ನದು. ಯಾರೂ ಮರೀನ್ ತಂಡವನ್ನು ದಯೆಯಿಂದ ಕರೆದು ಕೂರಿಸಿರಲಿಲ್ಲ. ಅದು ಗೆದ್ದುಕೊಂಡೇ ಅಲ್ಲಿಗೆ ಬಂದಿತ್ತು.

ಇದು ಹೇಗೆ ಸಾಧ್ಯವಾಯಿತು ಅನ್ನುವುದು ಅರ್ಥವಾದರೆ ಎಫ್‌ಎ ಕಪ್ ಅರ್ಥವಾದಂತೆ. ಎಷ್ಟೋ ಜನ ಪ್ರೀಮಿಯರ್ ಲೀಗ್ ಚೆನ್ನಾಗಿ ನೋಡುತ್ತಾರೆ, ಆದರೆ ಈ ಕಪ್ ಬಂದಾಗ ಗೊಂದಲ ಆಗುತ್ತದೆ. ಯಾಕೆ ಜನವರಿಯಲ್ಲಿ ಇದ್ದಕ್ಕಿದ್ದಂತೆ ಮೂರನೇ ಸುತ್ತು ಅಂತಾರೆ? ಮೊದಲೆರಡು ಸುತ್ತು ಎಲ್ಲಿ ಹೋದವು? ಹೆಸರೇ ಕೇಳದ ಊರಿನ ತಂಡ ಎಲ್ಲಿಂದ ಬಂತು? ಒಂದೊಂದಾಗಿ ನೋಡೋಣ.

ಏಣಿ ಮತ್ತು ಲೆಕ್ಕ

ಮೊದಲು ಏಣಿ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ಗಳು ಒಂದರ ಕೆಳಗೆ ಒಂದು ಜೋಡಿಸಿಟ್ಟ ಮೆಟ್ಟಿಲುಗಳ ಹಾಗೆ ಇವೆ. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್, 20 ತಂಡ. ಅದರ ಕೆಳಗೆ ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲೂ 24 ತಂಡ. ಇಲ್ಲಿಗೆ ಒಟ್ಟು 92. ಇಲ್ಲಿಂದ ಕೆಳಗಿನದನ್ನೆಲ್ಲ ನಾನ್‌ಲೀಗ್ ಎಂದು ಕರೆಯುತ್ತಾರೆ. ಹಾಗಂತ ಅಲ್ಲಿ ಲೀಗ್ ಇಲ್ಲ ಅಂತ ಅಲ್ಲ, ಬೇಕಾದಷ್ಟಿವೆ. ಐದನೇ ಮೆಟ್ಟಿಲಲ್ಲಿ ನ್ಯಾಷನಲ್ ಲೀಗ್, ಆರನೆಯದರಲ್ಲಿ ಅದರ ಉತ್ತರ ಮತ್ತು ದಕ್ಷಿಣ ವಿಭಾಗಗಳು. ಕೆಳಗಿಳಿದಂತೆ ಮರದ ಬೇರಿನ ಹಾಗೆ ಕವಲೊಡೆದು ಪ್ರಾಂತ್ಯ, ಜಿಲ್ಲೆ, ಊರು ಅಂತ ಹರಡಿಕೊಂಡು ಹೋಗುತ್ತದೆ.

ಎಫ್‌ಎ ಕಪ್‌ನ ಬಾಗಿಲು ಈ ಏಣಿಯ ತುಂಬ ಕೆಳಗಿನ ಮೆಟ್ಟಿಲಿನವರಿಗೂ ತೆರೆದಿದೆ. ಮೈದಾನ, ದೀಪದ ವ್ಯವಸ್ಥೆ ಇಂಥ ಕೆಲವು ಷರತ್ತು ಪೂರೈಸಬೇಕು, ಅಷ್ಟೇ. ಹಾಗಾಗಿ ಪ್ರತಿ ವರ್ಷ 700ಕ್ಕೂ ಹೆಚ್ಚು ಕ್ಲಬ್‌ಗಳು ಆಡುತ್ತವೆ. 2011-12ರಲ್ಲಂತೂ 763 ಕ್ಲಬ್ ಸೇರಿದ್ದವು, ಅದು ದಾಖಲೆ.

ಈಗ ಲೆಕ್ಕ. ನಾಕೌಟ್ ಅಂದರೆ ಒಂದು ಜೋಡಿ ಆಡಿದರೆ ಒಂದು ತಂಡ ಹೊರಗೆ. ಹೀಗೆ ಅರ್ಧರ್ಧ ಕಡಿಮೆ ಆಗುತ್ತ ಹೋಗಿ ಕೊನೆಗೆ ಸರಿಯಾಗಿ ಇಬ್ಬರೇ ಉಳಿಯಬೇಕು ಅಂದರೆ ಮೊದಲ ಸಂಖ್ಯೆ 2, 4, 8, 16, 32, 64 ಈ ಸಾಲಿನಲ್ಲೇ ಇರಬೇಕು. 700 ಚಿಲ್ಲರೆ ತಂಡಗಳನ್ನು ಈ ಸಾಲಿಗೆ ತಂದು ಕೂರಿಸಬೇಕು, ಜೊತೆಗೆ ವಾರಕ್ಕೆರಡು ಪಂದ್ಯ ಆಡುವ ದೊಡ್ಡ ಕ್ಲಬ್‌ಗಳಿಗೆ ಹದಿಮೂರು ಹದಿನಾಲ್ಕು ಸುತ್ತು ಆಡಿಸುವುದೂ ಆಗಬಾರದು. ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿದೆ. ಎಲ್ಲರೂ ಒಂದೇ ದಿನ ಶುರು ಮಾಡುವುದಿಲ್ಲ. ಕೆಳಗಿನವರು ಮೊದಲು ಶುರು ಮಾಡುತ್ತಾರೆ, ಮೇಲಿನವರು ಆಮೇಲೆ ಬಂದು ಸೇರಿಕೊಳ್ಳುತ್ತಾರೆ.

ಆಗಸ್ಟ್ ತಿಂಗಳಲ್ಲೇ, ಬೇಸಿಗೆ ಇನ್ನೂ ಮುಗಿಯುವ ಮೊದಲೇ, ಕೆಳಗಿನ ಕ್ಲಬ್‌ಗಳ ಆರಂಭಿಕ ಸುತ್ತುಗಳು ನಡೆಯುತ್ತವೆ. ಎರಡು ಪ್ರಾಥಮಿಕ ಸುತ್ತು, ಅದಾದ ಮೇಲೆ ನಾಲ್ಕು ಅರ್ಹತಾ ಸುತ್ತು. ಒಟ್ಟು ಆರು. ಆರನೇ ಮೆಟ್ಟಿಲಿನ ಕ್ಲಬ್‌ಗಳು ಎರಡನೇ ಅರ್ಹತಾ ಸುತ್ತಿನಲ್ಲಿ, ಐದನೇ ಮೆಟ್ಟಿಲಿನವು ನಾಲ್ಕನೇ ಅರ್ಹತಾ ಸುತ್ತಿನಲ್ಲಿ ಸೇರುತ್ತವೆ. ಈ ಹಂತದಲ್ಲಿ ಹತ್ತಿರದ ಊರುಗಳ ತಂಡಗಳನ್ನೇ ಜೋಡಿ ಮಾಡುತ್ತಾರೆ, ಯಾಕೆಂದರೆ ಸಣ್ಣ ಕ್ಲಬ್‌ಗೆ ದೇಶದ ಆ ತುದಿಗೆ ಬಸ್ ಮಾಡಿಕೊಂಡು ಹೋಗುವ ಖರ್ಚೇ ದೊಡ್ಡದು. ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವುದು 32 ತಂಡ.

ಟಿವಿಯಲ್ಲಿ, ಪತ್ರಿಕೆಯಲ್ಲಿ ಮೊದಲ ಸುತ್ತು ಅನ್ನುವುದು ಇಲ್ಲಿಂದ ಮುಂದಿನದ್ದನ್ನು. ನವೆಂಬರ್ ಮೊದಲ ವಾರದ ಹೊತ್ತಿಗೆ ಈ 32ರ ಜೊತೆ ಲೀಗ್ ಒನ್ ಮತ್ತು ಲೀಗ್ ಟೂನ 48 ತಂಡ ಸೇರಿ 80 ಆಗುತ್ತದೆ. ಆಡಿದರೆ 40. ಎರಡನೇ ಸುತ್ತು ಮುಗಿದರೆ 20. ಈಗ ಪ್ರೀಮಿಯರ್ ಲೀಗ್‌ನ 20, ಚಾಂಪಿಯನ್‌ಷಿಪ್‌ನ 24, ಒಟ್ಟು 44 ತಂಡ ಬರುತ್ತವೆ. 20ಕ್ಕೆ 44 ಸೇರಿಸಿ. ಸರಿಯಾಗಿ 64! ಇದೇ ಜನವರಿಯ ಮೂರನೇ ಸುತ್ತು. ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಲಿವರ್‌ಪೂಲ್ ಇವರ ಮಟ್ಟಿಗೆ ಕಪ್ ಶುರುವಾಗುವುದೇ ಮೂರನೇ ಸುತ್ತಿನಿಂದ. ಇಲ್ಲಿಂದ ಆರು ಗೆಲುವು ಸಾಕು, ಕಪ್ ಕೈಗೆ. ಆದರೆ ಆಗಸ್ಟ್‌ನಲ್ಲಿ ಮೊಟ್ಟಮೊದಲ ಸುತ್ತಿನಿಂದ ಶುರು ಮಾಡಿದ ಕ್ಲಬ್ ಒಂದು ಕಪ್ ಗೆಲ್ಲಬೇಕು ಅಂದರೆ 14 ಸುತ್ತು ಗೆಲ್ಲಬೇಕು. ಯಾರೂ ಹಾಗೆ ಗೆದ್ದಿಲ್ಲ. ಆದರೆ ನಿಯಮದಲ್ಲಿ ಅದಕ್ಕೆ ಅಡ್ಡಿಯೇನೂ ಇಲ್ಲ, ಮತ್ತು ನನಗೆ ಈ ಕಪ್ ಮೇಲೆ ಪ್ರೀತಿ ಹುಟ್ಟಿದ್ದೇ ಈ ಒಂದು ಮಾತಿನಿಂದ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ಲೀಗ್ ಕಪ್ ಅಂತ ಬೇರೊಂದು ಇದೆ. ಅದು 1960ರಲ್ಲಿ ಶುರುವಾದದ್ದು, ಅದರಲ್ಲಿ ಮೇಲಿನ 92 ಕ್ಲಬ್‌ಗಳಿಗೆ ಮಾತ್ರ ಜಾಗ. ಎಫ್‌ಎ ಕಪ್ ಬೇರೆ, ಅದು ಬೇರೆ.

ಚೀಟಿ ಎತ್ತುವ ಹೊತ್ತು

ಯಾರಿಗೆ ಯಾರು ಎದುರಾಳಿ ಅಂತ ನಿರ್ಧಾರ ಆಗುವುದನ್ನು ಇಂಗ್ಲಿಷಿನಲ್ಲಿ ಡ್ರಾ ಅನ್ನುತ್ತಾರೆ. ಸಮಬಲದ ಪಂದ್ಯಕ್ಕೂ ಡ್ರಾ ಅಂತಲೇ ಹೆಸರು ಇರುವುದರಿಂದ, ಇಲ್ಲಿ ಅದನ್ನು ಚೀಟಿ ಎತ್ತುವುದು ಅಂತಲೇ ಕರೆಯುತ್ತೇನೆ. ನಿಜವಾಗಿ ಎತ್ತುವುದು ಚೀಟಿ ಅಲ್ಲ, ನಂಬರ್ ಬರೆದ ಚೆಂಡು. ಮೂರನೇ ಸುತ್ತಿಗೆ 64 ಚೆಂಡು. ಒಂದು ಚೆಂಡು ತೆಗೆಯುತ್ತಾರೆ, ಆ ತಂಡಕ್ಕೆ ತವರು ಮೈದಾನ. ಇನ್ನೊಂದು ತೆಗೆಯುತ್ತಾರೆ, ಅದು ಪ್ರವಾಸಿ ತಂಡ. ಮುಗಿಯಿತು.

ವಿಶ್ವಕಪ್‌ನಲ್ಲಾಗಲಿ ಟೆನಿಸ್‌ನಲ್ಲಾಗಲಿ ದೊಡ್ಡವರು ಶುರುವಿನಲ್ಲೇ ಎದುರಾಗದ ಹಾಗೆ ಶ್ರೇಯಾಂಕ ನೋಡಿ ಬೇರೆ ಬೇರೆ ಕಡೆ ಇಡುತ್ತಾರೆ, ಅಲ್ವಾ? ಇಲ್ಲಿ ಅದು ಇಲ್ಲವೇ ಇಲ್ಲ. 64 ಚೆಂಡುಗಳೂ ಒಂದೇ. ಹಾಗಾಗಿ 2025ರ ಜನವರಿಯಲ್ಲಿ ಮೂರನೇ ಸುತ್ತಿನಲ್ಲೇ ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಎದುರಾದವು. ಕಪ್ ಅತಿ ಹೆಚ್ಚು ಸಲ ಗೆದ್ದ ಎರಡು ಕ್ಲಬ್‌ಗಳು ಇವು, 2025ರವರೆಗಿನ ಲೆಕ್ಕದಲ್ಲಿ ಆರ್ಸೆನಲ್ 14, ಯುನೈಟೆಡ್ 13. ಒಬ್ಬ ಆಟಗಾರ ಕೆಂಪು ಕಾರ್ಡ್ ತಿಂದು ಹೊರಹೋದ ಮೇಲೂ ಯುನೈಟೆಡ್ 1-1ರಲ್ಲಿ ಹಿಡಿದು ನಿಂತು ಪೆನಾಲ್ಟಿಯಲ್ಲಿ ಗೆದ್ದಿತು. ಆರ್ಸೆನಲ್‌ನ ಕಪ್ ಪಯಣ ಮೊದಲ ದಿನವೇ ಮುಗಿಯಿತು. ಅದೇ ವಾರಾಂತ್ಯದಲ್ಲಿ ಕೆಳಗಿನ ಲೀಗಿನ ಎಷ್ಟೋ ತಂಡಗಳು ಮುಂದೆ ಹೋದವು. ನ್ಯಾಯವೇ ಇದು ಅಂತ ಕೇಳಿದರೆ, ಲೀಗ್ ಇರುವುದು ನ್ಯಾಯಕ್ಕೆ. ಅಲ್ಲಿ 38 ಪಂದ್ಯ ಆಡಿಸಿ ಯಾರು ಉತ್ತಮರು ಅಂತ ತೂಗಿ ನೋಡುತ್ತಾರೆ. ಕಪ್ ಕೇಳುವ ಪ್ರಶ್ನೆಯೇ ಬೇರೆ: ಇವತ್ತು, ಈ ಮೈದಾನದಲ್ಲಿ, ಇವರ ಎದುರು ಗೆಲ್ಲುತ್ತೀಯಾ?

1935ರಿಂದ ಬಿಬಿಸಿ ರೇಡಿಯೊ ಈ ಚೀಟಿ ಎತ್ತುವುದನ್ನು ನೇರವಾಗಿ ಕೇಳಿಸುತ್ತಿತ್ತು. ಬರೀ ಎರಡು ಹೆಸರು ಓದುವ ಕಾರ್ಯಕ್ರಮಕ್ಕೆ ಇಡೀ ದೇಶ ಯಾಕೆ ಕಿವಿಗೊಡುತ್ತಿತ್ತು ಅಂದರೆ ಸಣ್ಣ ಕ್ಲಬ್ಬಿನ ವರ್ಷದ ಹಣೆಬರಹ ಅಲ್ಲೇ ಬರೆಯಲ್ಪಡುತ್ತದೆ. ದೊಡ್ಡ ತಂಡ ತಮ್ಮ ಪುಟ್ಟ ಮೈದಾನಕ್ಕೆ ಬಂದರೆ ಗೆಲ್ಲುವ ಆಸೆ ಸ್ವಲ್ಪ ಜಾಸ್ತಿ: ಚಳಿಗಾಲದ ಕೆಸರು, ಇಕ್ಕಟ್ಟಾದ ಅಂಗಳ, ಕೈಯಳತೆಯಲ್ಲಿ ನಿಂತು ಕೂಗುವ ಜನ. ತಾವೇ ದೊಡ್ಡ ತಂಡದ ಮೈದಾನಕ್ಕೆ ಹೋದರೆ ದುಡ್ಡಿನ ಆಸೆ, ಯಾಕೆಂದರೆ ಈ ಕಪ್‌ನಲ್ಲಿ ಟಿಕೆಟ್ ಹಣವನ್ನು ಎರಡೂ ಕ್ಲಬ್‌ಗಳು ಸಮವಾಗಿ ಹಂಚಿಕೊಳ್ಳುತ್ತವೆ. 70 ಸಾವಿರ ಜನ ತುಂಬುವ, ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಒಂದು ಮಧ್ಯಾಹ್ನ ಆಡಿದರೆ ಸಣ್ಣ ಕ್ಲಬ್ಬಿನ ಎಷ್ಟೋ ತಿಂಗಳ ಸಂಬಳ ಬಂದಂತೆ.

ಇದೆಲ್ಲ ಶುರುವಾದದ್ದು ಒಂದು ಶಾಲೆಯ ಆಟದಿಂದ

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಅದನ್ನೇ ಚಿಕ್ಕದಾಗಿ ಎಫ್‌ಎ ಅನ್ನುವುದು. ನಿಯಮವನ್ನೇನೋ ಬರೆದಿಟ್ಟರು, ಆದರೆ ಅದನ್ನು ಎಲ್ಲರೂ ಒಪ್ಪಿರಲಿಲ್ಲ. ಶೆಫೀಲ್ಡ್ ಕಡೆಯವರು ತಮ್ಮದೇ ನಿಯಮದಲ್ಲಿ ಆಡುತ್ತಿದ್ದರು. ಆಡುವ ಪಂದ್ಯಗಳೂ ಹೆಚ್ಚಾಗಿ ಸುಮ್ನೆ ಸ್ನೇಹಕ್ಕೆ ಆಡುವಂಥವು. ಗೆದ್ದರೂ ಏನೂ ಇಲ್ಲ, ಸೋತರೂ ಏನೂ ಇಲ್ಲ.

1871ರ ಜುಲೈ 20ರಂದು ಎಫ್‌ಎ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ ಒಂದು ಸಭೆಯಲ್ಲಿ ಹೊಸ ಸಲಹೆ ಇಟ್ಟರು: ಎಲ್ಲ ಕ್ಲಬ್‌ಗಳನ್ನೂ ಕರೆದು ಒಂದು ಕಪ್‌ಗಾಗಿ ಆಡಿಸೋಣ. ಅವರು ಓದಿದ್ದು ಹ್ಯಾರೊ ಶಾಲೆಯಲ್ಲಿ. ಅಲ್ಲಿ ವಿದ್ಯಾರ್ಥಿಗಳ ಹೌಸ್‌ಗಳ ನಡುವೆ ಸೋತವರು ಹೊರಗೆ ಅನ್ನುವ ಪಂದ್ಯಾವಳಿ ನಡೆಯುತ್ತಿತ್ತು. ಅದೇ ಮಾದರಿಯನ್ನು ದೇಶಕ್ಕೆ ಹಾಕಿದರು. ಕ್ರಿಕೆಟ್ ಪ್ರೀತಿಸುವವರಿಗೆ ಒಂದು ಮಾತು: 1880ರಲ್ಲಿ ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್ ಪಂದ್ಯವನ್ನು ಓವಲ್‌ನಲ್ಲಿ ಏರ್ಪಡಿಸುವುದರಲ್ಲೂ ಇದೇ ಆಲ್ಕಾಕ್ ಅವರ ಕೈ ಇತ್ತು. ಎರಡು ಆಟಗಳಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಮನುಷ್ಯನ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಮೊದಲ ವರ್ಷ ಹೆಸರು ಕೊಟ್ಟದ್ದು 15 ಕ್ಲಬ್, ಅದರಲ್ಲೂ ಕೆಲವು ಆಡಲೇ ಇಲ್ಲ. ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕೂಡ ಸೇರಿತ್ತು. ಸ್ಕಾಟ್ಲೆಂಡಿನಿಂದ ಲಂಡನ್ನಿಗೆ ಬಂದು ಸೆಮಿಫೈನಲ್‌ನಲ್ಲಿ ವಾಂಡರರ್ಸ್ ಎದುರು 0-0 ಡ್ರಾ ಮಾಡಿಕೊಂಡರು. ಮತ್ತೆ ಆಡಬೇಕು, ಆದರೆ ಇನ್ನೊಂದು ಸಲ ಲಂಡನ್ನಿಗೆ ಬಂದು ಹೋಗಲು ಅವರ ಬಳಿ ದುಡ್ಡಿರಲಿಲ್ಲ. ಹಿಂದೆ ಸರಿದರು. ಒಂದೂ ಪಂದ್ಯ ಸೋಲದೆ ಹೊರಗಾದರು. ಮರುಪಂದ್ಯ, ದುಡ್ಡು, ಸಣ್ಣ ಕ್ಲಬ್ ಈ ಮೂರರ ಕಥೆ ಮೊದಲ ವರ್ಷದಿಂದಲೇ ಈ ಕಪ್‌ಗೆ ಅಂಟಿಕೊಂಡಿದೆ ನೋಡಿ, ಮುಂದೆ ಅದಕ್ಕೇ ಬರುತ್ತೇನೆ.

ಫೈನಲ್ ನಡೆದದ್ದು 1872ರ ಮಾರ್ಚ್ 16ರಂದು ಓವಲ್ ಕ್ರಿಕೆಟ್ ಮೈದಾನದಲ್ಲಿ, ಸುಮಾರು 2,000 ಜನರ ಎದುರು. ವಾಂಡರರ್ಸ್ 1, ರಾಯಲ್ ಎಂಜಿನಿಯರ್ಸ್ 0. ಗೋಲ್ ಹೊಡೆದ ಮಾರ್ಟನ್ ಬೆಟ್ಸ್ ಅವತ್ತು ಎ. ಎಚ್. ಚೆಕರ್ ಎಂಬ ಬೇರೆ ಹೆಸರಿನಲ್ಲಿ ಆಡಿದ್ದರು. ಗೆದ್ದ ತಂಡದ ನಾಯಕ ಯಾರು? ಕಪ್‌ನ ಸಲಹೆ ಕೊಟ್ಟ ಆಲ್ಕಾಕ್ ಅವರೇ.

ಅವತ್ತಿನ ನಿಯಮ ಇವತ್ತಿನಂತಿರಲಿಲ್ಲ. ಇದರ ಪೂರ್ತಿ ಹೆಸರಿನಲ್ಲಿ ಇಂದಿಗೂ ಚಾಲೆಂಜ್ ಕಪ್ ಎಂದು ಇದೆ, ಅದರ ಅರ್ಥ ಅಕ್ಷರಶಃ ಸವಾಲು ಅಂತಲೇ ಆಗಿತ್ತು. ಕಪ್ ಇಟ್ಟುಕೊಂಡವರು ಸುಮ್ಮನೆ ಕೂತಿರುತ್ತಾರೆ, ಉಳಿದವರೆಲ್ಲ ಆಡಿ ಗೆದ್ದು ಬಂದ ಒಬ್ಬರು ಅವರಿಗೆ ಸವಾಲು ಹಾಕುತ್ತಾರೆ. 1873ರಲ್ಲಿ ವಾಂಡರರ್ಸ್ ಹೀಗೇ ನೇರವಾಗಿ ಫೈನಲ್ ಆಡಿ ಗೆದ್ದರು. ಆ ಒಂದು ವರ್ಷಕ್ಕೇ ಆ ಪದ್ಧತಿ ಮುಗಿಯಿತು. ಸತತ ಮೂರು ಸಲ ಗೆದ್ದವರು ಕಪ್ ಅನ್ನು ಶಾಶ್ವತವಾಗಿ ಇಟ್ಟುಕೊಳ್ಳಬಹುದು ಅಂತಲೂ ಇತ್ತು. 1876, 77, 78ರಲ್ಲಿ ವಾಂಡರರ್ಸ್ ಅದನ್ನೂ ಸಾಧಿಸಿದರು. ಆದರೆ ಕಪ್ ಅನ್ನು ವಾಪಸ್ ಕೊಟ್ಟುಬಿಟ್ಟರು. ಇನ್ನು ಮುಂದೆ ಯಾವ ಕ್ಲಬ್ಬೂ ಇದನ್ನು ಸ್ವಂತ ಮಾಡಿಕೊಳ್ಳುವಂತಿಲ್ಲ ಎಂಬ ಒಂದೇ ಷರತ್ತಿನ ಮೇಲೆ. ದೊಡ್ಡ ಮನಸ್ಸು ಅಂದರೆ ಇದು.

ಮೊದಲ ಹತ್ತು ವರ್ಷ ಇದು ಶ್ರೀಮಂತ ಶಾಲೆಗಳಲ್ಲಿ ಓದಿದವರ, ಸೈನ್ಯದ ಅಧಿಕಾರಿಗಳ ಕಪ್ ಆಗಿತ್ತು. 1883ರಲ್ಲಿ ಅದು ತಲೆಕೆಳಗಾಯಿತು. ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಫೈನಲ್‌ಗೆ ಬಂತು, ಅದರಲ್ಲಿದ್ದವರು ಬಟ್ಟೆ ಗಿರಣಿ, ಕಬ್ಬಿಣದ ಫೌಂಡ್ರಿಗಳಲ್ಲಿ ದುಡಿಯುವವರು. ಎದುರಿಗೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಇಟೋನಿಯನ್ಸ್, ಹಿಂದಿನ ವರ್ಷದ ವಿಜೇತರು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಕೆಲಸಗಾರರು ಗೆದ್ದರು. ಕಪ್ ಉತ್ತರದ ಗಿರಣಿ ಊರಿಗೆ ಹೋಯಿತು. ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ ಆಮೇಲೆ ಮತ್ತೆಂದೂ ಗೆಲ್ಲಲಿಲ್ಲ.

ಗಿರಣಿಯಲ್ಲಿ ದುಡಿಯುವವನು ಆಟಕ್ಕೆ ಅಂತ ರಜೆ ಹಾಕಿದರೆ ಸಂಬಳ ಹೋಗುತ್ತದೆ. ಆ ನಷ್ಟ ಯಾರು ತುಂಬಬೇಕು? ಕ್ಲಬ್‌ಗಳು ಗುಟ್ಟಾಗಿ ದುಡ್ಡು ಕೊಡಲು ಶುರು ಮಾಡಿದವು. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಮೇಲೆ ಲಂಡನ್ನಿನ ಅಪ್‌ಟನ್ ಪಾರ್ಕ್ ದೂರು ಕೊಟ್ಟಾಗ, ಪ್ರೆಸ್ಟನ್‌ನ ವಿಲಿಯಂ ಸುಡೆಲ್ ಹೌದು, ಕೊಡುತ್ತೇವೆ ಎಂದು ನೇರವಾಗಿ ಒಪ್ಪಿಕೊಂಡರು. ತಂಡವನ್ನು ಕಪ್‌ನಿಂದ ಹೊರಹಾಕಿದರು, ಆದರೆ ಮರುವರ್ಷವೇ, 1885ರಲ್ಲಿ, ಎಫ್‌ಎ ವೃತ್ತಿಪರ ಆಟವನ್ನು ಒಪ್ಪಬೇಕಾಯಿತು.

ಇಲ್ಲಿ ಒಂದು ಸ್ವಾರಸ್ಯ ಇದೆ. ಆಟಗಾರರಿಗೆ ವಾರ ವಾರ ಸಂಬಳ ಕೊಡಬೇಕು ಅಂದರೆ ವಾರ ವಾರ ಪಂದ್ಯ ಬೇಕು, ಟಿಕೆಟ್ ಹಣ ಬರಬೇಕು. ನಾಕೌಟ್ ಕಪ್ ಅದನ್ನು ಕೊಡಲಾರದು, ಮೊದಲ ಸುತ್ತಿನಲ್ಲೇ ಸೋತರೆ ವರ್ಷವಿಡೀ ಖಾಲಿ. ಸೋತರೂ ಮುಂದಿನ ವಾರ ಪಂದ್ಯ ಇರುವ ಒಂದು ವ್ಯವಸ್ಥೆ ಬೇಕು ಅಂತ ಆಸ್ಟನ್ ವಿಲ್ಲಾದ ವಿಲಿಯಂ ಮೆಕ್‌ಗ್ರೆಗರ್ ಮುಂದಾಗಿ 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಕಟ್ಟಿದರು, 1888ರಲ್ಲಿ. ಇವತ್ತು ಪ್ರಪಂಚದ ಎಲ್ಲ ಕಡೆ ಇರುವ ಲೀಗ್ ಪದ್ಧತಿ ಹುಟ್ಟಿದ್ದು ಕಪ್‌ನ ಈ ಕೊರತೆಯಿಂದ. ಕಪ್ ಮೊದಲು, ಲೀಗ್ ಆಮೇಲೆ. ಜನ ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ.

ಹಳೆಯ ಕಪ್ ಏನಾಯಿತು ಅಂತಲೂ ಹೇಳಿಬಿಡುತ್ತೇನೆ. 1895ರಲ್ಲಿ ಆಸ್ಟನ್ ವಿಲ್ಲಾ ಗೆದ್ದು, ಬರ್ಮಿಂಗ್‌ಹ್ಯಾಮ್‌ನ ಒಂದು ಕ್ರೀಡಾ ಸಾಮಗ್ರಿ ಅಂಗಡಿಯ ಕಿಟಕಿಯಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿತ್ತು. ರಾತ್ರಿ ಕಳ್ಳತನವಾಯಿತು. ಮತ್ತೆ ಸಿಗಲೇ ಇಲ್ಲ. ವಿಲ್ಲಾಗೆ 25 ಪೌಂಡ್ ದಂಡ ಬಿತ್ತು, ಅದರಂತೆಯೇ ಇನ್ನೊಂದು ಕಪ್ ಮಾಡಿಸಿದರು. ಈಗ ನಾವು ನೋಡುವ ಆಕಾರ 1911ರದು. ಬ್ರಾಡ್‌ಫರ್ಡ್‌ನ ಕಂಪನಿ ಅದನ್ನು ಮಾಡಿಕೊಟ್ಟಿತು, ಆ ವರ್ಷ ಅದನ್ನು ಗೆದ್ದದ್ದೂ ಬ್ರಾಡ್‌ಫರ್ಡ್ ಸಿಟಿ ತಂಡವೇ!

1901ರ ವಿಷಯ ಹೇಳದೆ ಮುಂದೆ ಹೋಗಲಾರೆ. ಲೀಗ್ ಹುಟ್ಟಿದ ಮೇಲೆ ಅದರ ಹೊರಗಿನ ತಂಡವೊಂದು ಎಫ್‌ಎ ಕಪ್ ಗೆದ್ದದ್ದು ಒಂದೇ ಒಂದು ಸಲ. ಆಗ ಸದರ್ನ್ ಲೀಗ್‌ನಲ್ಲಿ ಆಡುತ್ತಿದ್ದ ಆ ತಂಡ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ ಲಕ್ಷಕ್ಕೂ ಮೀರಿದ ಜನರ ಎದುರು ಶೆಫೀಲ್ಡ್ ಯುನೈಟೆಡ್ ಜೊತೆ 2-2 ಮಾಡಿಕೊಂಡು, ಮರುಪಂದ್ಯದಲ್ಲಿ 3-1ರಿಂದ ಗೆದ್ದಿತು. ತಂಡದ ಹೆಸರು ಟಾಟೆನ್‌ಹ್ಯಾಮ್ ಹಾಟ್‌ಸ್ಪರ್. ಹೌದು, 120 ವರ್ಷದ ನಂತರ ಕ್ರಾಸ್ಬಿಯ ಬೇಲಿ ಪಕ್ಕದ ಮೈದಾನಕ್ಕೆ ದೊಡ್ಡಣ್ಣನಾಗಿ ಬಂದ ಅದೇ ಟಾಟೆನ್‌ಹ್ಯಾಮ್.

ವೆಂಬ್ಲಿ, ಮತ್ತು ಒಂದು ಕರಾಳ ದಿನ

ಫೈನಲ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಹೋದದ್ದು 1923ರಲ್ಲಿ. ಬೋಲ್ಟನ್ ಮತ್ತು ವೆಸ್ಟ್ ಹ್ಯಾಮ್ ಪಂದ್ಯ. ಮುಂಗಡ ಟಿಕೆಟ್ ಕಡ್ಡಾಯ ಇರಲಿಲ್ಲ, ಹೊಸ ಸ್ಟೇಡಿಯಂ ನೋಡಲು ಊರಿಗೆ ಊರೇ ಬಂತು. ಅಧಿಕೃತ ಲೆಕ್ಕವೇ 1,26,047, ಒಳಗೆ ನುಗ್ಗಿದವರು ಅದಕ್ಕಿಂತ ಎಷ್ಟೋ ಹೆಚ್ಚು. ಜನ ಅಂಗಳದ ತುಂಬ ನಿಂತಿದ್ದರು. ಬಿಲ್ಲಿ ಎಂಬ ಕುದುರೆ ಏರಿದ ಪೊಲೀಸ್ ಜಾರ್ಜ್ ಸ್ಕೋರಿ ಮತ್ತು ಅವರ ಸಂಗಡಿಗರು ಮೆಲ್ಲಗೆ ಜನರನ್ನು ಗೆರೆಯ ಆಚೆಗೆ ಸರಿಸಿದ ಮೇಲೆ, ಮುಕ್ಕಾಲು ಗಂಟೆ ತಡವಾಗಿ ಆಟ ಶುರುವಾಯಿತು. ಇವತ್ತಿಗೂ ಅದನ್ನು ಬಿಳಿ ಕುದುರೆಯ ಫೈನಲ್ ಅಂತಲೇ ಕರೆಯುತ್ತಾರೆ. 1927ರಲ್ಲಿ ವೇಲ್ಸ್‌ನ ಕಾರ್ಡಿಫ್ ಸಿಟಿ ಆರ್ಸೆನಲ್ ಅನ್ನು 1-0ರಿಂದ ಸೋಲಿಸಿ ಕಪ್ ಅನ್ನು ಇಂಗ್ಲೆಂಡಿನಿಂದ ಆಚೆ ಒಯ್ದಿತು. ಆ ಕೆಲಸ ಮಾಡಿದ ಕ್ಲಬ್ ಅದೊಂದೇ. ಈಗ ಸೆಮಿಫೈನಲ್‌ಗಳೂ ವೆಂಬ್ಲಿಯಲ್ಲೇ ನಡೆಯುತ್ತವೆ. ಮೊದಲು ಹಾಗಿರಲಿಲ್ಲ, ಯಾರಿಗೂ ತವರಲ್ಲದ ಮೂರನೆಯ ಮೈದಾನದಲ್ಲಿ ನಡೆಯುತ್ತಿದ್ದವು.

1989ರ ಏಪ್ರಿಲ್ 15ರ ಸೆಮಿಫೈನಲ್ ಕೂಡ ಹಾಗೆಯೇ, ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ. ನಿಂತು ನೋಡುವ ಕಟಕಟೆಯೊಳಗೆ ಜನ ಒತ್ತೊತ್ತಾಗಿ ನುಗ್ಗುವಂತಾಯಿತು, ಮುಂದೆ ಕಬ್ಬಿಣದ ಬೇಲಿ, ಹೊರಬರಲು ದಾರಿಯಿಲ್ಲ. 97 ಲಿವರ್‌ಪೂಲ್ ಅಭಿಮಾನಿಗಳು ಜೀವ ಕಳೆದುಕೊಂಡರು. ತಪ್ಪು ಅಭಿಮಾನಿಗಳದ್ದಲ್ಲ ಎಂದು ಅಧಿಕೃತವಾಗಿ ಹೇಳಿಸಿಕೊಳ್ಳಲು ಅವರ ಮನೆಯವರು ದಶಕಗಳ ಕಾಲ ಹೋರಾಡಬೇಕಾಯಿತು. ಆ ದುರಂತದ ನಂತರ ಇಂಗ್ಲೆಂಡಿನ ದೊಡ್ಡ ಸ್ಟೇಡಿಯಂಗಳಲ್ಲಿ ಬೇಲಿ ಹೋಯಿತು, ಎಲ್ಲರಿಗೂ ಕೂರುವ ಸೀಟು ಬಂತು. ಈ ಕಪ್‌ನ ಇತಿಹಾಸ ಹೇಳುವವರು ಆ ದಿನವನ್ನು ದಾಟಿ ಹೋಗಬಾರದು.

ಮರುಪಂದ್ಯ ಇತ್ತು, ಈಗ ಇಲ್ಲ

ನಾಕೌಟ್‌ನಲ್ಲಿ ಸಮಬಲ ಆದರೆ ಏನು ಮಾಡಬೇಕು? ನೂರಕ್ಕೂ ಹೆಚ್ಚು ವರ್ಷಗಳ ಮಟ್ಟಿಗೆ ಉತ್ತರ ಒಂದೇ ಆಗಿತ್ತು: ಮತ್ತೆ ಆಡಿ. ಎರಡನೇ ಸಲ ಎದುರಾಳಿಯ ಮೈದಾನದಲ್ಲಿ. ಅದೂ ಸಮವಾದರೆ ಮತ್ತೆ ಆಡಿ. ಮಿತಿಯೇ ಇರಲಿಲ್ಲ. 1971ರ ನವೆಂಬರ್‌ನಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ಒಂದು ಅರ್ಹತಾ ಸುತ್ತನ್ನು ತೀರ್ಮಾನಿಸಲು ಆರು ಪಂದ್ಯ ಆಡಿದವು, ಒಟ್ಟು 11 ಗಂಟೆ. ಕೊನೆಗೆ ಆಲ್ವ್‌ಚರ್ಚ್ 1-0ರಿಂದ ಗೆದ್ದು, ಮುಂದಿನ ಸುತ್ತಿನಲ್ಲೇ ಸೋತಿತು.

1991-92ರಿಂದ ಒಂದೇ ಮರುಪಂದ್ಯ, ಆಮೇಲೆ ಪೆನಾಲ್ಟಿ ಶೂಟೌಟ್ ಅಂತ ಆಯಿತು. ಪೊಲೀಸರಿಗೆ ಬಂದೋಬಸ್ತ್ ತಯಾರಿಗೆ ದಿನಗಳು ಬೇಕಾಗುತ್ತಿದ್ದುದರಿಂದ ಪಂದ್ಯದ ಮೇಲೆ ಪಂದ್ಯ ಇಡುವುದು ಆಗದ ಮಾತಾಗಿತ್ತು. ಕೊನೆಯ ಫೈನಲ್ ಮರುಪಂದ್ಯ 1993ರದು, ಆರ್ಸೆನಲ್ ಮತ್ತು ಶೆಫೀಲ್ಡ್ ವೆನ್ಸ್‌ಡೇ ನಡುವೆ. ಕೊನೆಯ ಸೆಮಿಫೈನಲ್ ಮರುಪಂದ್ಯ 1999ರದು, ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ಅರ್ಧ ಮೈದಾನ ಚೆಂಡು ಒಯ್ದು ಆರ್ಸೆನಲ್ ವಿರುದ್ಧ ಗೋಲ್ ಹೊಡೆದ ಆ ಪಂದ್ಯ. 2016-17ರಿಂದ ಕ್ವಾರ್ಟರ್ ಫೈನಲ್‌ಗೂ ಮರುಪಂದ್ಯ ಹೋಯಿತು. ಕೊನೆಗೆ 2024-25ರಿಂದ ಮೊದಲ ಸುತ್ತಿನಿಂದ ಫೈನಲ್‌ವರೆಗೆ ಪೂರ್ತಿ ರದ್ದು. ಈಗ 90 ನಿಮಿಷ ಸಮಬಲವಾದರೆ 30 ನಿಮಿಷ ಹೆಚ್ಚುವರಿ ಆಟ, ಆಮೇಲೂ ಸಮವಾದರೆ ಪೆನಾಲ್ಟಿ. ಅದೇ ದಿನ ತೀರ್ಮಾನ.

ಕಾರಣ ಏನು? ಅದೇ ವರ್ಷದಿಂದ ಯುರೋಪಿನ ಚಾಂಪಿಯನ್ಸ್ ಲೀಗ್ ದೊಡ್ಡದಾಯಿತು, ಮೊದಲ ಹಂತದಲ್ಲೇ ಆರರ ಬದಲು ಎಂಟು ಪಂದ್ಯ. ದೊಡ್ಡ ಕ್ಲಬ್‌ಗಳ ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲ. ಆಟಗಾರರು ದಣಿಯುತ್ತಾರೆ ಅನ್ನುವುದು ಸುಳ್ಳಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬೆಲೆ ತೆತ್ತದ್ದು ಯಾರು? ಕೆಳಗಿನ ಲೀಗಿನ ಕ್ಲಬ್‌ಗಳು ನಮ್ಮನ್ನು ಕೇಳಲೇ ಇಲ್ಲ ಅಂತ ಬಹಿರಂಗವಾಗಿ ಬೇಸರ ಪಟ್ಟವು, ಮತ್ತು ಅವರ ಬೇಸರಕ್ಕೆ ಅರ್ಥ ಇದೆ.

ಎರಡು ಉದಾಹರಣೆ ಸಾಕು. 2005ರ ಜನವರಿಯಲ್ಲಿ ಸಾಲದಲ್ಲಿ ಮುಳುಗಿದ್ದ, ಐದನೇ ಮೆಟ್ಟಿಲಿನ ಎಕ್ಸೆಟರ್ ಸಿಟಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 0-0 ಹಿಡಿದಿಟ್ಟಿತು. ಮರುಪಂದ್ಯ ಎಕ್ಸೆಟರ್‌ನಲ್ಲಿ, 2-0ರಿಂದ ಸೋತರು. ಆದರೆ ಎರಡು ಪಂದ್ಯದ ಟಿಕೆಟ್ ಹಣ ಮತ್ತು ಟಿವಿ ಹಣ ಸೇರಿ ಕ್ಲಬ್ ಸಾಲದಿಂದ ತಲೆಯೆತ್ತಿತು, ಮುಚ್ಚುವುದು ತಪ್ಪಿತು. ಇವತ್ತಿನ ನಿಯಮದಲ್ಲಿ ಆ ಎರಡನೇ ಪಂದ್ಯವೇ ಇರುತ್ತಿರಲಿಲ್ಲ.

ಇನ್ನೊಂದು 1972ರದು. ನಾನ್‌ಲೀಗ್ ತಂಡ ಹೆರ್ಫರ್ಡ್ ಯುನೈಟೆಡ್, ಮೊದಲ ದರ್ಜೆಯ ನ್ಯೂಕ್ಯಾಸಲ್ ಮೈದಾನದಲ್ಲಿ 2-2 ಮಾಡಿಕೊಂಡು ಬಂತು. ಫೆಬ್ರವರಿ 5ರಂದು ಹೆರ್ಫರ್ಡ್‌ನಲ್ಲಿ ಮರುಪಂದ್ಯ. ಕೆಸರು ಗದ್ದೆಯಂಥ ಅಂಗಳ. ಕೊನೆಯ ಹತ್ತು ನಿಮಿಷ ಇರುವಾಗ ನ್ಯೂಕ್ಯಾಸಲ್‌ನ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಗೋಲ್ ಹೊಡೆದರು, ಎಲ್ಲ ಮುಗಿಯಿತು ಅನ್ನಿಸಿತು. ಆಗ ರೋನಿ ರಾಡ್‌ಫರ್ಡ್ ಸುಮಾರು 30 ಗಜ ದೂರದಿಂದ ಬೀಸಿ ಹೊಡೆದ ಚೆಂಡು ನೇರ ಗೋಲಿನ ಮೂಲೆಗೆ ಹೋಯಿತು. ಮಕ್ಕಳು, ದೊಡ್ಡವರು ಎಲ್ಲ ಬೇಲಿ ಹಾರಿ ಅಂಗಳಕ್ಕೆ ಓಡಿಬಂದರು. ಹೆಚ್ಚುವರಿ ಸಮಯದಲ್ಲಿ ಬದಲಿ ಆಟಗಾರ ರಿಕಿ ಜಾರ್ಜ್ ಇನ್ನೊಂದು ಹೊಡೆದು 2-1 ಮಾಡಿದರು. ಐವತ್ತು ವರ್ಷದಿಂದ ಟಿವಿಯವರು ತೋರಿಸುತ್ತಲೇ ಇರುವ ಆ ಗೋಲ್ ಮರುಪಂದ್ಯದ ಗೋಲ್. ಮರುಪಂದ್ಯ ಇಲ್ಲದಿದ್ದರೆ ನ್ಯೂಕ್ಯಾಸಲ್ ತನ್ನ ಮೈದಾನದಲ್ಲೇ, ತನ್ನ ಜನರ ಎದುರೇ ಅದನ್ನು ಮುಗಿಸುತ್ತಿತ್ತು.

ಹಾಗಂತ ದೊಡ್ಡವರು ಬೀಳುವುದು ನಿಂತಿಲ್ಲ. 1988ರಲ್ಲಿ ವಿಂಬಲ್ಡನ್ ಗೋಲ್‌ಕೀಪರ್ ಡೇವ್ ಬೆಸೆಂಟ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಲಿವರ್‌ಪೂಲ್ ಅನ್ನು ಮಣಿಸಿದ್ದು, 2013ರಲ್ಲಿ ವಿಗನ್ ಕೊನೆಯ ನಿಮಿಷಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಮೂರೇ ದಿನದಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದದ್ದು, 2017ರಲ್ಲಿ ಐದನೇ ಮೆಟ್ಟಿಲಿನ ಲಿಂಕನ್ ಸಿಟಿ ಕ್ವಾರ್ಟರ್ ಫೈನಲ್ ಮುಟ್ಟಿದ್ದು, 2025ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಮ್ಯಾಂಚೆಸ್ಟರ್ ಸಿಟಿಯನ್ನೇ 1-0ರಿಂದ ಸೋಲಿಸಿ ತನ್ನ ಮೊಟ್ಟಮೊದಲ ದೊಡ್ಡ ಕಪ್ ಎತ್ತಿದ್ದು, ಹೇಳುತ್ತ ಹೋದರೆ ಮುಗಿಯುವುದಿಲ್ಲ. ಗೆದ್ದವರಿಗೆ ಯುರೋಪಾ ಲೀಗ್‌ನಲ್ಲಿ ಆಡುವ ಅವಕಾಶವೂ ಸಿಗುತ್ತದೆ. ಅದಕ್ಕೇ ವಿಗನ್ ಎರಡನೇ ದರ್ಜೆಗೆ ಇಳಿದ ಮೇಲೂ ಆ ವರ್ಷ ಯುರೋಪಿನಲ್ಲಿ ಆಡಿತು.

ಈಗ ಕ್ರಾಸ್ಬಿಗೆ ವಾಪಸ್ ಬರೋಣ. ಮರೀನ್ ತಂಡ ಅರ್ಹತಾ ಸುತ್ತುಗಳನ್ನು ದಾಟಿ, ಮೊದಲ ಸುತ್ತಿನಲ್ಲಿ ನಾಲ್ಕನೇ ಮೆಟ್ಟಿಲಿನ ಕಾಲ್ಚೆಸ್ಟರ್ ಯುನೈಟೆಡ್ ಅನ್ನು ಪೆನಾಲ್ಟಿಯಲ್ಲಿ, ಎರಡನೆಯದರಲ್ಲಿ ಹೇವಂಟ್ ಅಂಡ್ ವಾಟರ್‌ಲೂವಿಲ್ ಅನ್ನು ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಸೋಲಿಸಿ 64ರ ಸಾಲಿಗೆ ಬಂದಿತ್ತು. ಅದರ ಚೆಂಡು ಮೊದಲು ಎದ್ದಿತು, ಟಾಟೆನ್‌ಹ್ಯಾಮ್‌ನದು ಆಮೇಲೆ. ಹಾಗಾಗಿ ಮರೀನ್‌ಗೆ ತವರು ಪಂದ್ಯ. ಜನ ಒಳಗೆ ಬರುವಂತಿಲ್ಲವಾದ್ದರಿಂದ ಕ್ಲಬ್ 10 ಪೌಂಡ್‌ನ ನೆಪಮಾತ್ರದ ಟಿಕೆಟ್ ಮಾರಿತು, ಕುರ್ಚಿ ಇಲ್ಲ, ಪ್ರವೇಶ ಇಲ್ಲ, ಬೆಂಬಲ ಮಾತ್ರ. 30 ಸಾವಿರಕ್ಕೂ ಹೆಚ್ಚು ಜನ ಕೊಂಡುಕೊಂಡರು, ಟಾಟೆನ್‌ಹ್ಯಾಮ್ ಅಭಿಮಾನಿಗಳೂ ಸೇರಿ.

ಇನ್ನೂ 0-0 ಇದ್ದಾಗ ಮರೀನ್ ಆಟಗಾರನೊಬ್ಬ ದೂರದಿಂದ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಾರಿಹೋಯಿತು. ಪಂದ್ಯ ಕೊನೆಗೆ 5-0 ಆಯಿತು, ಟಾಟೆನ್‌ಹ್ಯಾಮ್ ನಾಲ್ಕನೇ ಸುತ್ತಿಗೆ ಹೋಯಿತು. ಮರೀನ್ ಮುಂದಿನ ಋತುವಿನ ಕಪ್‌ಗೆ ಮತ್ತೆ ಹೆಸರು ಕೊಟ್ಟು, ಕೆಳಗಿನ ಸುತ್ತಿನಿಂದ ಶುರು ಮಾಡಿತು.